ಏರುವ ಆಯಿಲ್, ಸೋರುವ ಪೆಟ್ರೋಲ್

ಅಂಬಾಸಿಡರ್ ಸಾಕಿದವರಿಗೆ ಆಯಿಲ್ ಕಡಿಮೆಯಾಗುವುದು ಹೊಸ ಸಂಗತಿಯೇನಲ್ಲ. ಎಲ್ಲಿ ನಿಂತರೂ ಎರಡು ಹನಿ ಉದುರಿಸಿ ಗುರುತು ಬಿಟ್ಟೇ ಮುಂದಕ್ಕೆ ಹೋಗುವ ಗಾಡಿ ಅದು. ಆದರೆ ಎರಡು ವರ್ಷದ ಹಿಂದೆ, ಮಳೆಗಾಲ ಶುರುವಾಗಿದ್ದ ಒಂದು ಬೆಳಿಗ್ಗೆ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ನಾನಂತೂ ಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಗಾಡಿಗೆ ಆಯಿಲ್ ಹಾಕುವ ಉಮೇದು ಇರುವವರು ಬೇರೆ ಯಾರೂ ಇಲ್ಲ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದೆ. ಆಯಿಲಿನ ಜೊತೆ ಪೆಟ್ರೋಲಿನ ಘಾಟು. ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ, ತಿಳಿಸಾರಿನ ಹಾಗೆ ಜಾರಿ ಹೋಯಿತು.

ಅದಕ್ಕೂ ವಾರದ ಮೊದಲೇ ಹೆಂಡತಿ ಹೇಳಿದ್ದಳು, "ರೀ, ಅಡುಗೆಮನೆ ಕಿಟಕಿ ತೆಗೆದ್ರೆ ಪೆಟ್ರೋಲ್ ಬಂಕಲ್ಲಿ ನಿಂತಂಗಾಗುತ್ತೆ" ಅಂತ. ನಮ್ಮ ಕಾರ್ ಶೆಡ್ಡು ಅಡುಗೆಮನೆಗೆ ತಾಗಿಕೊಂಡೇ ಇದೆ. ಹಳೇ ಗಾಡಿ ಅಂದ ಮೇಲೆ ವಾಸನೆ ಇದ್ದದ್ದೇ ಎಂದು ನಾನು ತಳ್ಳಿಹಾಕಿದ್ದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ಮಡುಗಟ್ಟುತ್ತದೆ ಎಂದು ಮೂವತ್ತು ವರ್ಷ ಹೈಸ್ಕೂಲಿನ ಹುಡುಗರಿಗೆ ವಿಜ್ಞಾನ ಹೇಳಿದವನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಗೊತ್ತಿರುವುದಕ್ಕೂ ಅದು ಸಮಯಕ್ಕೆ ನೆನಪಾಗುವುದಕ್ಕೂ ನಡುವೆ ಎಷ್ಟು ದೂರ ಎಂಬುದು ಈ ಗಾಡಿಯ ದೆಸೆಯಿಂದ ನನಗೆ ಮತ್ತೆ ಮತ್ತೆ ಗೊತ್ತಾಗುತ್ತಿರುತ್ತದೆ.

ಗಾಡಿ ಅಪ್ಪನದು. 1977ರ ಮಾರ್ಕ್ 3. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡಾಗಿ ತಗೊಂಡಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಸಕಲೇಶಪುರದಲ್ಲಿ ನಮ್ಮ ಮನೆ ಇರುವುದು ರಸ್ತೆಗಿಂತ ಕೆಳಗೆ. ಗೇಟು ದಾಟಿದ ಕೂಡಲೇ ಇಳಿಜಾರು, ಇಳಿಜಾರಿನ ಕೊನೆಗೆ ಶೆಡ್ಡು. ಶೆಡ್ಡಿನ ನೆಲವನ್ನೂ ಮಟ್ಟ ಮಾಡಿಸಿರಲಿಲ್ಲ. ಮಲೆನಾಡಿನಲ್ಲಿ ಸಪಾಟು ಜಾಗ ಬೇಕಾದರೆ ಒಂದೋ ಗುಡ್ಡ ಕಡಿಯಬೇಕು, ಇಲ್ಲ ಹಾಸನದ ಕಡೆಗೆ ಹೋಗಬೇಕು. ಅಪ್ಪನಿಗೆ ಎರಡೂ ಇಷ್ಟವಿರಲಿಲ್ಲ.

ನಮ್ಮ ಊರಿನ ಮೆಕ್ಯಾನಿಕ್‌ರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು. ವಯಸ್ಸು ಎಪ್ಪತ್ತರ ಮೇಲೆ. ಅವರು ನನ್ನನ್ನು ಕರೆಯುವುದು ಮೇಷ್ಟ್ರೇ ಎಂದು. ಅವರದು ಪೋರ್ಚುಗೀಸರ ಬಾಯಿಂದ ಬಂದ ಮಾತು, ನನ್ನದು ಇಂಗ್ಲಿಷರ ಬಾಯಿಂದ ಬಂದದ್ದು, ಹಿಂದಕ್ಕೆ ಹೋದರೆ ಎರಡಕ್ಕೂ ಲ್ಯಾಟಿನ್ನಿನ ಒಂದೇ ಬೇರು. ಇದನ್ನು ಒಮ್ಮೆ ಅವರಿಗೆ ಹೇಳಿದ್ದೆ. "ಹಂಗಾದ್ರೆ ಸಂಬಳ ಯಾಕೆ ಬೇರೆ ಬೇರೆ" ಅಂದಿದ್ದರು.

ಫೋನ್ ಮಾಡಿ ವಿಷಯ ಹೇಳಿದೆ. ಗಾಡಿ ಸ್ಟಾರ್ಟ್ ಮಾಡಬೇಡಿ, ಬ್ಯಾಟರಿ ಕಳಚಿ, ಬಾನೆಟ್ ತೆಗೆದಿಡಿ, ಬರ್ತೀನಿ ಅಂದರು. ಸ್ಟಾರ್ಟ್ ಮಾಡಬೇಡಿ ಎಂದದ್ದಕ್ಕೆ ಕಾರಣ ಎರಡು. ಒಂದು, ತೆಳ್ಳಗಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗುಗಳು ಸವೆಯುತ್ತವೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಪೆಟ್ರೋಲ್ ಸಿಲಿಂಡರಿನ ಒಳಗೇ ನಿಂತಿದ್ದರೆ ಪಿಸ್ಟನ್ ಮೇಲೆ ಬರುವಾಗ ಅದನ್ನು ಹಿಂಡಲಾಗುವುದಿಲ್ಲ. ಗಾಳಿ ಹಿಂಡಿದರೆ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡು.

ಬಂದವರು ಮೊದಲು ಪ್ಲಗ್ ಬಿಚ್ಚಿದರು. ನಾಲ್ಕೂ ಕಾಡಿಗೆ ಮೆತ್ತಿದ ಹಾಗೆ ಕಪ್ಪು, ಎರಡು ಹಸಿ. ಎಂಜಿನ್ ಕೈಯಲ್ಲೇ ತಿರುಗಿಸಿ ನೋಡಿದರು. ಸಿಲಿಂಡರಿನಲ್ಲಿ ನಿಂತದ್ದೇನೂ ಇರಲಿಲ್ಲ, ರಿಂಗುಗಳ ಸಂದಿಯಿಂದ ಎಲ್ಲ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿದಿತ್ತು. "ಕಾರ್ಬೊರೇಟರ್ ಓವರ್ ಆಗ್ತಾ ಇದೆ" ಎಂದು ತೀರ್ಪು ಕೊಟ್ಟರು. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತುಂಬಿ ಹೊರಚೆಲ್ಲುತ್ತಿದೆ ಎಂದರ್ಥ. ಅದರಲ್ಲಿ ಪೆಟ್ರೋಲ್ ಬಂದು ನಿಲ್ಲುವ ಫ್ಲೋಟ್ ಬಟ್ಟಲಿನ ಮುಚ್ಚಳಕ್ಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಏಟು ಕೊಟ್ಟರು. ಇದು ಮಂತ್ರವಲ್ಲ. ಒಳಗಿನ ವಾಲ್ವು ಕಸ ಸಿಕ್ಕಿ ತೆರೆದೇ ನಿಂತಿದ್ದರೆ ಏಟಿಗೆ ಕಸ ಕದಲಿ ಮುಚ್ಚಿಕೊಳ್ಳುತ್ತದೆ. ಹತ್ತರಲ್ಲಿ ಆರು ಸಲ ರಸ್ತೆ ಬದಿಯಲ್ಲಿ ಮನೆ ಮುಟ್ಟಿಸುವ ವೈದ್ಯ ಇದೇ.

ಇಲ್ಲಿ ಆ ಕಾರ್ಬೊರೇಟರಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದರ ಮೇಲೆ ನನಗೆ ಒಂದು ಬಗೆಯ ಮೋಹವಿದೆ. ನಮ್ಮದು ಎಸ್‌ಯು ಕಂಪನಿಯ ಎಚ್‌ಎಸ್2, ಬಾಯಿ ಒಂದೂಕಾಲು ಇಂಚು. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಇಂಗ್ಲೆಂಡಿನ ಸ್ಕಿನ್ನರ್ ಸಹೋದರರ ಮನೆತನ ಬೂಟು ಚಪ್ಪಲಿ ವ್ಯಾಪಾರದ್ದು. ಕಳೆದ ಶತಮಾನದ ಮೊದಲ ದಶಕದಲ್ಲಿ ಅವರು ಮಾಡಿದ ಮೊದಮೊದಲ ಕಾರ್ಬೊರೇಟರುಗಳಲ್ಲಿ ಈಗ ಲೋಹದ ಪಿಸ್ಟನ್ ಇರುವ ಜಾಗದಲ್ಲಿ ಚರ್ಮದ ತಿದಿ ಇತ್ತು. ಕಮ್ಮಾರನ ಕುಲುಮೆಯ ತಿದಿ ಗಾಳಿ ಊದುತ್ತದೆ, ಇವರದು ಎಂಜಿನ್ ಗಾಳಿ ಎಳೆದಂತೆ ತಾನೇ ಮೇಲೇಳುತ್ತಿತ್ತು. 1926ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್ ಆ ಕಂಪನಿಯನ್ನು ಕೊಂಡುಕೊಂಡ. ಅದೇ ಮಾರಿಸ್ ಹೆಸರಿನ ಆಕ್ಸ್‌ಫರ್ಡ್ ಸೀರೀಸ್ 3 ಕಾರು 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ ಹುಟ್ಟಿತು. ಆಮೇಲೆ ಬಂದ 1489 ಸಿಸಿ ಎಂಜಿನ್ನೂ ಅದೇ ವಂಶದ್ದು. ಅಂದರೆ ನನ್ನ ಶೆಡ್ಡಿನಲ್ಲಿ ಸೋರುತ್ತಿದ್ದದ್ದು ಬೂಟಿನ ಅಂಗಡಿಯವರ ಬುದ್ಧಿಯ ಮರಿಮೊಮ್ಮಗ.

ಇದರೊಳಗೆ ಎರಡು ಸೂಜಿಗಳಿವೆ. ಒಂದು ಪಿಸ್ಟನ್ನಿನ ಹೊಟ್ಟೆಗೆ ಕಚ್ಚಿಕೊಂಡು ಜೆಟ್ಟಿನೊಳಗೆ, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತಿನೊಳಗೆ, ಇಳಿದಿರುತ್ತದೆ. ತುದಿಗೆ ಹೋದಂತೆ ಸಣ್ಣಗಾಗುವ ಉದ್ದನೆಯ ಸೂಜಿ. ಪಿಸ್ಟನ್ ಎದ್ದಷ್ಟೂ ಸೂಜಿ ಹೊರಗೆ ಬರುತ್ತದೆ, ಜೆಟ್ಟಿನ ಸಂದಿ ದೊಡ್ಡದಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಇನ್ನೊಂದು ಸೂಜಿ ಪಕ್ಕದ ಫ್ಲೋಟ್ ಬಟ್ಟಲಿನ ಮುಚ್ಚಳದಲ್ಲಿದೆ, ಕಿರುಬೆರಳಿನ ಉಗುರಿಗಿಂತ ಚೂರು ಉದ್ದ. ಬಟ್ಟಲಲ್ಲಿ ಪೆಟ್ರೋಲ್ ಏರಿದಂತೆ ಫ್ಲೋಟ್ ತೇಲಿ ಇದನ್ನು ಮೇಲಕ್ಕೆ ಒತ್ತಿ ಬಾಗಿಲು ಹಾಕುತ್ತದೆ. ನಮ್ಮ ಮನೆಯ ನೀರಿನ ತೊಟ್ಟಿಯ ಬಾಲ್ ವಾಲ್ವಿಗೂ ಇದಕ್ಕೂ ತತ್ವದಲ್ಲಿ ಏನೇನೂ ವ್ಯತ್ಯಾಸವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಫೋನ್ ಮಾಡಿ "ಎಸ್‌ಯು ನೀಡಲ್ ಕಳಿಸಿ" ಎಂದಷ್ಟೇ ಹೇಳಿದ್ದೆ. ಬಂದದ್ದು ಜೆಟ್ ನೀಡಲ್. ತಪ್ಪು ನನ್ನದೇ, ಯಾವ ಸೂಜಿ ಎಂದು ಹೇಳಿರಲಿಲ್ಲ. ಎರಡನೇ ಸಲ ಪೂರ್ತಿ ರಿಪೇರಿ ಕಿಟ್ಟನ್ನೇ ತರಿಸಿದೆ.

ಮೇಸ್ತ್ರಿ ಗಾಡಿಯನ್ನು ಟೋ ಮಾಡಿಸಿಕೊಂಡು ಹೋದರು. ಅವರ ಗ್ಯಾರೇಜ್ ಹೇಮಾವತಿ ಹೊಳೆಯ ಕಡೆ, ನಮ್ಮೂರಲ್ಲಿ ಅಪರೂಪಕ್ಕೆ ಸಪಾಟಾಗಿರುವ ಜಾಗ. ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿದರು. ಹೊಸ ನೀಡಲ್, ಹೊಸ ಸೀಟು. ಫ್ಲೋಟ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಳಗೆ ಪೆಟ್ರೋಲ್ ಸೇರಿದ್ದರೆ ಎಳನೀರಿನ ಹಾಗೆ ಕುಲುಕುತ್ತದೆ. ಕುಲುಕಲಿಲ್ಲ. ಹಿತ್ತಾಳೆ ಫ್ಲೋಟಾಗಿದ್ದರೆ ಬಿಸಿನೀರಲ್ಲಿ ಮುಳುಗಿಸುತ್ತಿದ್ದರು. ತೂತಿದ್ದರೆ ಗುಳ್ಳೆ ಬರುತ್ತದೆ. ಮುಚ್ಚಳ ತಲೆಕೆಳಗು ಹಿಡಿದು, ಎಂಟನೇ ಒಂದು ಇಂಚಿನ ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಫ್ಲೋಟಿಗೂ ಮುಚ್ಚಳಕ್ಕೂ ನಡುವೆ ತೂರಿಸಿ ಅಳತೆ ನೋಡಿದರು. ಮೂರು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು, ಸರಿಯಾಗಿತ್ತು. ಅರ್ಧ ಗಂಟೆ ಎಂಜಿನ್ ಓಡಿಸಿದರು. ಒಂದು ಹನಿ ಇಲ್ಲ. ಗಾಡಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ.

ಎರಡು ವಾರ ಸುಮ್ಮನಿತ್ತು. ಧರ್ಮಸ್ಥಳಕ್ಕೆ ಹೋಗೋಣ ಎಂದು ಹಿಂದಿನ ಸಂಜೆ ಟ್ಯಾಂಕ್ ತುಂಬಿಸಿ ತಂದಿಟ್ಟೆ. ಬೆಳಿಗ್ಗೆ ಐದಕ್ಕೆ ಶೆಡ್ಡಿನ ಬಾಗಿಲು ತೆಗೆದರೆ ಅದೇ ಘಾಟು. ಗಾಡಿಯ ಕೆಳಗೆ ಹಾಸಿದ್ದ ರಟ್ಟು ಒದ್ದೆ. ಡಿಪ್‌ಸ್ಟಿಕ್ ಮತ್ತೆ ಮೇಲೆ. ಅಮ್ಮ ರೇಷ್ಮೆ ಸೀರೆ ಉಟ್ಟು ಜಗುಲಿಯಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಹೋದೆವು.

ಆ ಮಳೆಗಾಲ ಪೂರ್ತಿ ಇದೇ ಆಟ. ಗ್ಯಾರೇಜಿನಲ್ಲಿ ಇದ್ದಾಗ ಗಾಡಿ ಸಾಧು, ಮನೆಗೆ ತಂದರೆ ಕೆಲವೊಮ್ಮೆ ಸಾಧು, ಕೆಲವೊಮ್ಮೆ ಸೋರುತ್ತದೆ. ಮೇಸ್ತ್ರಿಗೆ ಚೋಕ್ ಮೇಲೆ ಅನುಮಾನ ಬಂತು. ಎಸ್‌ಯುನಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ, ಕೇಬಲ್ ಸಿಕ್ಕಿಕೊಂಡು ಪೂರ್ತಿ ವಾಪಸ್ ಬರದಿದ್ದರೆ ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ಸದಾ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಕೇಬಲಿಗೆ ಎಣ್ಣೆ ಬಿಟ್ಟರು. ಪಂಪಿನ ಮೇಲೆ ಅನುಮಾನ ಬಂತು. ಈ ಗಾಡಿಯ ಪಂಪು ಎಂಜಿನ್ನಿನ ಕ್ಯಾಮ್ ಒದ್ದಂತೆ ಓಡುವಂಥದ್ದು. ಅದರ ಡಯಾಫ್ರಮ್, ಅಂದರೆ ಒಳಗಿನ ಪೊರೆ, ಹರಿದರೂ ಪೆಟ್ರೋಲ್ ನೇರ ಆಯಿಲಿಗೆ ಇಳಿಯುತ್ತದೆ. ಬಿಚ್ಚಿ ನೋಡಿದರು, ಹರಿದಿರಲಿಲ್ಲ. ಬಿಚ್ಚಿದ ಮೇಲೆ ಸುಮ್ಮನೆ ಹಾಕುವುದು ಬೇಡ ಎಂದು ಅದರ ಬುಡಕ್ಕೆ ಇನ್ನೊಂದು ಪ್ಯಾಕಿಂಗ್ ಕೊಟ್ಟು ಹೊಡೆತ ಸ್ವಲ್ಪ ಕಡಿಮೆ ಮಾಡಿದರು. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡು, ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡು ಎರಡೂ ಒಂದೇ ಮಗ್ಗುಲಲ್ಲಿರುವುದರಿಂದ ನಿಲ್ಲಿಸಿದ ಮೇಲೆ ಶಾಖ ಏರಿ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೇನೋ ಎಂದು ನಾನು ಒಂದು ವಾದ ಮಂಡಿಸಿದೆ. ಶಿರಾಡಿ ಘಾಟಿ ಹತ್ತಿ ಬಂದು ನಿಲ್ಲಿಸಿದಾಗ ಅದು ನಿಜವೂ ಹೌದು. ಆದರೆ ಮನೆಯಿಂದ ಎರಡು ಕಿಲೋಮೀಟರ್ ದೂರದ ಬಂಕಿಗೆ ಹೋಗಿ ಬಂದ ದಿನವೂ ಸೋರಿತ್ತಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನಾವು ಕೊಟ್ಟಿಗೆಯಲ್ಲಿದ್ದ ಎಲ್ಲಕ್ಕೂ ಒಂದೊಂದು ಬರೆ ಹಾಕಿದ್ದೆವು.

ಅಷ್ಟರಲ್ಲಿ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಹಳೇ ಚಾಳಿ. ಯಾವ ದಿನ ಸೋರಿತು, ಯಾವ ದಿನ ಇಲ್ಲ, ಹಿಂದಿನ ದಿನ ಎಷ್ಟು ಓಡಿತ್ತು, ಮಳೆ ಇತ್ತೇ. ಐದು ಸಲ ಸೋರಿದ್ದರಲ್ಲಿ ಐದೂ ಸಲ ಹಿಂದಿನ ದಿನ ನಾನು ಪೆಟ್ರೋಲ್ ಹಾಕಿಸಿದ್ದೆ. ಸಿಕ್ಕಿತು ಕಳ್ಳ ಅಂದುಕೊಂಡೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದರು. ಹೊಸ ಪೆಟ್ರೋಲೇ ಕಾರಣ ಎಂದು ಬಂಕಿನ ಹುಡುಗನ ಹತ್ತಿರ ಜಗಳಕ್ಕೂ ಹೋದೆ. ಪಾಪ, "ಸಾರ್, ಲಾರಿ ತಂದು ಇಳಿಸಿದ್ದನ್ನ ನಾನು ಹಾಕ್ತೀನಿ ಅಷ್ಟೇ" ಅಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ, ನನ್ನ ಊಹೆಯಲ್ಲಿ ಅರ್ಧ ಇತ್ತು. ಉಳಿದ ಅರ್ಧ ಗೊತ್ತಾದದ್ದು ಪಕ್ಕದ ಮನೆಯ ಕಾಂಪೌಂಡಿನಿಂದ.

ಪಕ್ಕದ ಮನೆಯವರು ಮಳೆಗೆ ಕುಸಿದ ಗೋಡೆ ಕಟ್ಟಿಸುತ್ತಿದ್ದರು. ಗಾರೆ ಮೇಸ್ತ್ರಿಯೊಬ್ಬರು (ನೋಡಿ, ಇನ್ನೊಬ್ಬ ಮೇಸ್ತ್ರಿ) ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಈ ಮೂಲೆಗೆ, ಇನ್ನೊಂದು ತುದಿ ಆ ಮೂಲೆಗೆ ಹಿಡಿಸಿ ಮಟ್ಟ ನೋಡುತ್ತಿದ್ದರು. ಇಳಿಜಾರಿನ ಜಾಗ. ಕೆಳಗಿನ ತುದಿ ಹಿಡಿದ ಹುಡುಗ ಕೈಯನ್ನು ಸಾಕಷ್ಟು ಎತ್ತಲಿಲ್ಲ. ಪೈಪಿನ ಬಾಯಿಂದ ನೀರು ಬಳಬಳ ಹರಿದು ಅವನ ತೋಳು ಒದ್ದೆಯಾಯಿತು. "ಎತ್ತೋ, ಎತ್ತೋ, ಮೇಲಿಂದ ನೀರು ನಿನ್ ಕಡೀಕೇ ಬರೋದು" ಎಂದು ಗಾರೆ ಮೇಸ್ತ್ರಿ ಕೂಗಿದರು.

ನಾನು ಕಾಫಿ ಲೋಟ ಹಿಡಿದು ನಿಂತಿದ್ದವನು ನಿಂತೇ ಇದ್ದೆ. ಟ್ಯಾಂಕು ಗಾಡಿಯ ಹಿಂಬದಿಯಲ್ಲಿ. ಕಾರ್ಬೊರೇಟರ್ ಮುಂದೆ. ನಮ್ಮ ಶೆಡ್ಡಿನಲ್ಲಿ ಗಾಡಿ ನಿಲ್ಲುವುದು ಮೂತಿ ಕೆಳಗೆ ಮಾಡಿ.

ಗಾರೆ ಮೇಸ್ತ್ರಿಯ ಹತ್ತಿರ ಪೈಪು ಕೇಳಿದೆ. ಆ ಹುಡುಗನೇ ಬಂದ. ಒಂದು ತುದಿಯನ್ನು ಅವನು ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಎಲ್ಲಿವರೆಗೆ ನಿಲ್ಲುತ್ತದೋ ಆ ಎತ್ತರಕ್ಕೆ ಹಿಡಿದ, ಇನ್ನೊಂದು ತುದಿಯನ್ನು ನಾನು ಬಾನೆಟ್ಟಿನೊಳಗೆ ಫ್ಲೋಟ್ ಬಟ್ಟಲಿನ ಪಕ್ಕ ಹಿಡಿದೆ. ನೀರು ನಿಂತದ್ದು ಬಟ್ಟಲಿನ ಮುಚ್ಚಳಕ್ಕಿಂತ ಒಂದಡಿ ಮೇಲೆ. ಸಪಾಟು ನೆಲದಲ್ಲಿ ಟ್ಯಾಂಕು ಕಾರ್ಬೊರೇಟರಿಗಿಂತ ಕೆಳಗಿರುತ್ತದೆ, ಪೆಟ್ರೋಲ್ ಎತ್ತಿ ಕೊಡಲಿಕ್ಕೇ ಪಂಪು ಬೇಕು. ಇಲ್ಲಿ ಪಂಪಿನ ಹಂಗೇ ಇಲ್ಲ. ಪಂಪಿನೊಳಗಿನ ವಾಲ್ವುಗಳು ಪೆಟ್ರೋಲ್ ಹಿಂದಕ್ಕೆ ಬರುವುದನ್ನು ತಡೆಯುತ್ತವೆಯೇ ಹೊರತು ಮುಂದಕ್ಕೆ ಹೋಗುವುದಕ್ಕೆ ಅಡ್ಡ ಬರುವುದಿಲ್ಲ. ಟ್ಯಾಂಕು ತುಂಬಿದ್ದರೆ ರಾತ್ರಿಯೆಲ್ಲ ಅದರ ಭಾರ ಆ ಪುಟ್ಟ ಸೂಜಿಯ ಮೇಲೆ. ಟ್ಯಾಂಕು ಅರ್ಧವಾದರೆ ಮಟ್ಟ ಇಳಿಯುತ್ತದೆ, ಸೋರಿಕೆ ನಿಲ್ಲುತ್ತದೆ. ನೋಟ್‌ಬುಕ್ಕಿನ ಐದಕ್ಕೆ ಐದೂ ಕೂಡಿಬಂತು. ಪಾತ್ರೆಗಳೆರಡನ್ನು ಕೊಳವೆಯಿಂದ ಸೇರಿಸಿ, ದ್ರವ ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತದೆ ಎಂದು ಎಷ್ಟು ಸಾವಿರ ಮಕ್ಕಳಿಗೆ ತೋರಿಸಿದ್ದೇನೋ. ಬಣ್ಣದ ನೀರು ಹಾಕಿ, ಬೆಂಚಿನ ಮೇಲೆ ನಿಂತು ತೋರಿಸಿದ್ದೇನೆ.

ಹೊಳೆ ಕಡೆಗೆ ನಡೆದುಕೊಂಡೇ ಹೋದೆ. ಮೇಸ್ತ್ರಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು. ಒಪ್ಪಲಿಲ್ಲ.

"ಪಂಪು ಎಷ್ಟು ಪ್ರೆಷರ್ ಕೊಡುತ್ತೆ ಮೇಷ್ಟ್ರೇ?"

"ಎರಡೂವರೆ, ಮೂರು ಪಿಎಸ್‌ಐ."

"ನಿಮ್ ಒಂದಡಿ ಪೆಟ್ರೋಲು?"

ಲೆಕ್ಕ ಹಾಕಿದೆ. ಅರ್ಧಕ್ಕೂ ಕಡಿಮೆ, ಸುಮಾರು 0.3.

"ಹತ್ತನೇ ಒಂದು ಭಾಗ. ಮೂರು ಪಿಎಸ್‌ಐ ತಡ್ಕೊಂಡಿದ್ದು ನನ್ನ ಕಣ್ಣೆದುರಿಗೇ ಇದೆ. ಅರ್ಧ ಗಂಟೆ ಓಡಿಸಿದ್ದೀನಿ. ಅದನ್ನ ತಡೆಯೋ ನೀಡಲ್ಲು ಇದನ್ನ ತಡೆಯಲ್ವಾ?"

ನನ್ನ ಬಾಯಿ ಕಟ್ಟಿತು. ಅವರ ಪ್ರಶ್ನೆ ನ್ಯಾಯವಾದದ್ದು. ನಾನು ಪಾಠದಲ್ಲಿ ಗೆದ್ದು ಪರೀಕ್ಷೆಯಲ್ಲಿ ಸೋತವನ ಹಾಗೆ ನಿಂತೆ. ಕೊನೆಗೆ ಅವರೇ, "ಸರಿ, ನೋಡೇಬಿಡಣ" ಎಂದರು. ಈ ಮಾತಿಗಾಗಿಯೇ ನಾನು ಬೇರೆ ಗ್ಯಾರೇಜಿಗೆ ಹೋಗುವುದಿಲ್ಲ.

ಮರುದಿನ ಫ್ಲೋಟ್ ಬಟ್ಟಲನ್ನು ಬಿಚ್ಚಿ ತಂದು ಗ್ಯಾರೇಜಿನ ಹೊರಗೆ, ಬಯಲಿನಲ್ಲಿ, ಒಂದು ಸ್ಟೂಲಿನ ಮೇಲೆ ಕಟ್ಟಿ ನಿಲ್ಲಿಸಿದೆವು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಹಾಗೆ ಪೆಟ್ರೋಲ್ ಬಾಟಲಿಯೊಂದನ್ನು ಸರಿಯಾಗಿ ಒಂದಡಿ ಮೇಲೆ ತೂಗುಬಿಟ್ಟೆವು. ಮೇಸ್ತ್ರಿ ಬೀಡಿ ಆರಿಸಿ ಬೀಡಿಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಒಳಗಿಟ್ಟು ಬಂದರು, ಮರಳಿನ ಬಕೆಟ್ಟು ಹತ್ತಿರಕ್ಕೆ ಎಳೆದುಕೊಂಡರು. ಬಟ್ಟಲು ತುಂಬಿತು, ಫ್ಲೋಟ್ ಎದ್ದಿತು, ಹರಿವು ನಿಂತಿತು. "ನೋಡಿ" ಎಂದರು. ನಾನು ಇರಲಿ ಎಂದೆ. ಚಹಾ ತರಿಸಿದೆವು, ಅದನ್ನು ದೂರ ಹೋಗಿ ಕುಡಿದೆವು. ವಾಪಸ್ ಬಂದಾಗ ಮುಚ್ಚಳದ ಓವರ್‌ಫ್ಲೋ ಕೊಳವೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಬಿತ್ತು. ಇನ್ನೊಂದು ಕೂಡಿಕೊಳ್ಳತೊಡಗಿತು.

ಕೆಮ್ಮಿನ ಸಿರಪ್ಪಿನ ಮುಚ್ಚಳವೊಂದನ್ನು ಕೆಳಗಿಟ್ಟು ಗಡಿಯಾರ ನೋಡಿದೆವು. 10 ಮಿಲಿ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಗಂಟೆಗೆ 30 ಮಿಲಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಹತ್ತು ಗಂಟೆ, 300 ಮಿಲಿ. ಸ್ವಲ್ಪ ರಟ್ಟಿಗೆ, ಸ್ವಲ್ಪ ಜೆಟ್ಟಿನ ದಾರಿ ಹಿಡಿದು ಎಂಜಿನ್ನಿಗೆ, ಅಲ್ಲಿಂದ ಆಯಿಲಿಗೆ. ಮೇಸ್ತ್ರಿಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಸುಮ್ಮನೆ ಐಡ್ಲಿಂಗಿನಲ್ಲಿ ನಿಂತ ಎಂಜಿನ್ ಕೂಡ ಗಂಟೆಗೆ ಅದರ ಇಪ್ಪತ್ತು ಮೂವತ್ತು ಪಟ್ಟು ಕುಡಿಯುತ್ತದೆ. ಓಡುತ್ತಿರುವ ಎಂಜಿನ್ನಿನಲ್ಲಿ ನೀಡಲ್ ಯಾವಾಗಲೂ ಸ್ವಲ್ಪ ತೆರೆದೇ ಇರಬೇಕು, ಅದು ಪೂರ್ತಿ ಮುಚ್ಚಬಲ್ಲದೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಂಜಿನ್ ಓಡಿಸಿ ನಾವು ಮಾಡಿದ ಅಷ್ಟೂ ಪರೀಕ್ಷೆಗಳಲ್ಲಿ ಸೋರಿಕೆಯನ್ನು ಎಂಜಿನ್ನೇ ಕುಡಿದು ಮುಗಿಸುತ್ತಿತ್ತು. ಆರಿಸಿದ ಮೇಲೆ ಗ್ಯಾರೇಜಿನ ಸಪಾಟಿನಲ್ಲಿ ಒತ್ತಡ ಹಾಕುವವರು ಯಾರೂ ಇರಲಿಲ್ಲ.

ಹೊಸ ನೀಡಲ್ ಯಾಕೆ ಸೋರಿತು ಎಂಬುದು ಉಳಿಯಿತು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಸೂಜಿಯ ಮೊನೆಯ ಸುತ್ತ ಒಂದು ಕರಿ ಚುಕ್ಕೆ, ಸಾಸಿವೆಯ ಹತ್ತನೇ ಒಂದು ಪಾಲಿನಷ್ಟು. ಬಟ್ಟಲಿನ ತಳದಲ್ಲೂ ಅಂಥವೇ ಕರಿ ಹುಡಿ. ಪಂಪಿನಿಂದ ಕಾರ್ಬೊರೇಟರಿಗೆ ಬರುವ ದಾರಿಯ ಕೊನೆಯಲ್ಲಿ ಒಂದು ಗೇಣು ರಬ್ಬರ್ ಪೈಪಿದೆ. ಹೊರಗಿನಿಂದ ಚೆನ್ನಾಗಿಯೇ ಇತ್ತು. ಮೇಸ್ತ್ರಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಮೈ ನೆನೆಸಿಟ್ಟ ರಟ್ಟಿನ ಹಾಗೆ ಉಬ್ಬಿ, ಬೆರಳು ತಾಗಿದರೆ ಉದುರುತ್ತಿತ್ತು. ಹಳೇ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ, ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅಂದರೆ ಬಂಕಿನ ಹುಡುಗನ ಜೊತೆ ನಾನು ಆಡಿದ ಜಗಳ ಪೂರ್ತಿ ಸುಳ್ಳೂ ಅಲ್ಲ. ಆದರೆ ಬರೀ ರಬ್ಬರ್ ಚೂರಿನಿಂದ ಇಷ್ಟಾಗುತ್ತಿರಲಿಲ್ಲ, ಬರೀ ಇಳಿಜಾರಿನಿಂದಲೂ ಆಗುತ್ತಿರಲಿಲ್ಲ. ಎರಡೂ ಒಂದೇ ರಾತ್ರಿ ಸೇರಬೇಕಿತ್ತು.

ರಿಪೇರಿ ಅರ್ಧ ದಿನದ್ದು. ಎಥನಾಲ್ ತಡೆಯುವ ಪೈಪು, ಅದರ ಹಿಂದೆ ಒಂದು ಚಿಕ್ಕ ಫಿಲ್ಟರು, ತುದಿಗೆ ವಿಟಾನ್ ರಬ್ಬರ್ ಇರುವ ನೀಡಲ್. ಕೂರಿಸುವ ಮೊದಲು ಮುಚ್ಚಳ ತಲೆಕೆಳಗು ಹಿಡಿದು ಕೊಳವೆಗೆ ಪೈಪು ಸಿಕ್ಕಿಸಿ ಊದಿದರು. ಫ್ಲೋಟಿನ ಸ್ವಂತ ಭಾರಕ್ಕೇ ವಾಲ್ವು ಮುಚ್ಚಿ ಗಾಳಿ ಹೋಗಬಾರದು. ಹೋಗಲಿಲ್ಲ. ಮತ್ತೆ ಬಾಟಲಿ ತೂಗುಬಿಟ್ಟು ಈ ಸಲ ಮಧ್ಯಾಹ್ನದ ಊಟ ಮುಗಿಸಿ ಬಂದೆವು. ಒಣಗಿತ್ತು. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಒಂದು ನಲ್ಲಿಯನ್ನೂ ಹಾಕಿಸಿದೆ, ನಿಲ್ಲಿಸಿದಾಗ ತಿರುಗಿಸಲಿಕ್ಕೆ. ಅದನ್ನು ತಿರುಗಿಸಲು ನಾನು ವಾರಕ್ಕೆ ಮೂರು ಸಲ ಮರೆಯುತ್ತೇನೆ.

ಇಲ್ಲಿಗೆ ಗಾಡಿಯ ಕಥೆ ಮುಗಿಯಿತು. ಆದರೆ ನನಗೆ ಅಪ್ಪನ ವಿಷಯ ತಲೆಯಲ್ಲಿ ಕೊರೆಯತೊಡಗಿತು. ಅಪ್ಪ ಮೂವತ್ತು ವರ್ಷ ಈ ಗಾಡಿಯನ್ನು ಇದೇ ಶೆಡ್ಡಿನಲ್ಲಿ ನಿಲ್ಲಿಸಿದವರು. ಅವರು ಯಾವತ್ತೂ ಗಾಡಿಯನ್ನು ಗೇಟಿನಿಂದ ರಿವರ್ಸಿನಲ್ಲೇ ಇಳಿಸುತ್ತಿದ್ದರು. ಮಳೆಯಿರಲಿ, ಕತ್ತಲಿರಲಿ, ಗಾಡಿ ತುಂಬ ಜನರಿರಲಿ. ನಾನು ಕಲಿಯುವಾಗ ಒಮ್ಮೆ ನೇರ ಇಳಿಸಿದ್ದಕ್ಕೆ, "ಹಂಗೆ ನಿಲ್ಲಿಸ್ಬಾರ್ದು, ತೆಗೆದು ಹಿಂದ್ ಹಿಂದಕ್ಕೆ ಬಿಡು" ಎಂದು ಮತ್ತೆ ಮೇಲೆ ಹತ್ತಿಸಿ ಇಳಿಸಿದ್ದರು. ಯಾಕೆ ಅಂತ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಅವರು ಹೋದ ಮೇಲೆ ನಾನು ನೇರವೇ ಇಳಿಸುತ್ತಿದ್ದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯನ್ನು ಆ ಇಳಿಜಾರಿನಲ್ಲಿ ಹಿಂದಕ್ಕೆ ಬಿಡುವುದು ನನ್ನ ಭುಜಕ್ಕೂ ಪಕ್ಕದ ಕಂಬಕ್ಕೂ ಒಳ್ಳೆಯದಲ್ಲ. ರಿವರ್ಸಿನಲ್ಲಿ ಇಳಿಸಿದರೆ ಟ್ಯಾಂಕು ಕೆಳಗೆ, ಕಾರ್ಬೊರೇಟರ್ ಮೇಲೆ. ಸೋರಲು ದಾರಿಯೇ ಇಲ್ಲ.

ಅಪ್ಪನಿಗೆ ಇನ್ನೊಂದು ಪದ್ಧತಿಯೂ ಇತ್ತು. ಕೀಲಿ ತಿರುಗಿಸುವ ಮೊದಲು ಆಕ್ಸಿಲರೇಟರನ್ನು ಮೂರು ಸಲ ಒತ್ತುವುದು. ಸರಿಯಾಗಿ ಮೂರು. ನಾನೂ ಅದನ್ನು ದೇವರಿಗೆ ಮೂರು ಸುತ್ತು ಹಾಕಿದಷ್ಟು ನಿಷ್ಠೆಯಿಂದ ಮಾಡುತ್ತ ಬಂದಿದ್ದೆ. ಆಮೇಲೆ ಕಾರ್ಬೊರೇಟರನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದಾಗ ತಿಳಿಯಿತು, ಎಸ್‌ಯುನಲ್ಲಿ ಆಕ್ಸಿಲರೇಟರ್ ಪಂಪೇ ಇಲ್ಲ. ಎಂಜಿನ್ ನಿಂತಿರುವಾಗ ಮೂರು ಸಲವಲ್ಲ, ನೂರಾ ಎಂಟು ಸಲ ಒತ್ತಿದರೂ ಒಂದು ಹನಿ ಪೆಟ್ರೋಲ್ ಒಳಗೆ ಹೋಗುವುದಿಲ್ಲ. ಅಪ್ಪ ಮೊದಲು ಓಡಿಸಿದ್ದು ಇಲಾಖೆಯ ಜೀಪು, ಅದರ ಕಾರ್ಬೊರೇಟರಿಗೆ ಪಂಪು ಇರುತ್ತದೆ, ಒತ್ತಿದಾಗ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮುತ್ತದೆ. ಆ ಅಭ್ಯಾಸವನ್ನು ಈ ಗಾಡಿಗೂ ತಂದಿದ್ದರು. ನಾನು ಮೂರು ಸಲ ಒತ್ತುವುದನ್ನು ಉಳಿಸಿಕೊಂಡೆ, ರಿವರ್ಸಿನಲ್ಲಿ ನಿಲ್ಲಿಸುವುದನ್ನು ಬಿಟ್ಟೆ.

ರಿವರ್ಸಿನ ವಿಷಯವನ್ನಾದರೂ ಅಪ್ಪ ತಿಳಿದೇ ಮಾಡಿದ್ದಿರಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಗಾಡಿಯ ನಾಡಿ ಗೊತ್ತಿದ್ದ ಮನುಷ್ಯ. ಯಾವತ್ತೋ ಒಂದು ಬೆಳಿಗ್ಗೆ ಅವರಿಗೂ ಈ ಘಾಟು ಬಡಿದಿರಬೇಕು, ನೋಟ್‌ಬುಕ್ಕು, ನೀರಿನ ಪೈಪು ಯಾವುದೂ ಇಲ್ಲದೆ ಕಂಡುಹಿಡಿದಿರಬೇಕು. ಮಗನಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ ಅಷ್ಟೇ. ಮೇಸ್ತ್ರಿಗೂ ಹಾಗೇ ಹೇಳಿದೆ. ಅವರು, "ಯಜಮಾನ್ರು ನನ್ ಹತ್ರ ಯಾವತ್ತೂ ಓವರ್‌ಫ್ಲೋ ಅಂತ ಬಂದಿದ್ದಿಲ್ಲ" ಎಂದರು. ಅದನ್ನು ನಾನು ಸಾಕ್ಷಿ ಎಂದೇ ತಗೊಂಡೆ.

ದೀಪಾವಳಿಯ ಹಿಂದಿನ ಸಂಜೆ ಗಾಡಿ ತೊಳೆದು, ಮಗಳನ್ನು ಹಿಂದೆ ನಿಲ್ಲಿಸಿ "ಬಾ, ಬಾ, ಎಡಕ್ಕೆ" ಎನಿಸಿಕೊಂಡು, ಕಂಬ ತಪ್ಪಿಸಿ, ಗಾಡಿಯನ್ನು ರಿವರ್ಸಿನಲ್ಲಿ ಶೆಡ್ಡಿಗೆ ಇಳಿಸಿದೆ. ಅಮ್ಮ ಜಗುಲಿಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು.

"ಅಪ್ಪನ ಥರಾನೇ ನಿಲ್ಲಿಸ್ದೆ ನೋಡು" ಎಂದೆ. "ಅಪ್ಪ ಯಾಕೆ ಹಂಗೆ ನಿಲ್ಲಿಸ್ತಿದ್ರು ಅಂತ ಈಗ ಗೊತ್ತಾಯ್ತಮ್ಮ."

"ಅದ್ರಲ್ಲಿ ಗೊತ್ತಾಗೋದೇನೋ" ಎಂದಳು ದಾರ ಬಿಗಿಯುತ್ತ. "ನಿಮ್ಮಪ್ಪಂಗೆ ಬೆಳಿಗ್ಗೆ ಹೊತ್ತು ಕುತ್ತಿಗೆ ಹಿಡ್ಕೊಂಡಿರ್ತಿತ್ತು. ಚಳಿಗಾಲ ಬಂದ್ರೆ ಕತ್ತು ತಿರುಗಿಸಿ ಹಿಂದೆ ನೋಡೋಕೆ ಆಗ್ತಿರ್ಲಿಲ್ಲ. ಸಂಜೆ ಮೈ ಬಿಸಿ ಇರೋವಾಗ್ಲೇ ಹಿಂದಕ್ಕೆ ಬಿಟ್ಟು ಇಟ್ಬಿಟ್ರೆ ಬೆಳಿಗ್ಗೆ ಸೀದಾ ಹೋಗ್ಬೋದು ಅಂತಿದ್ರು. ಯಾಕೆ, ನಿಂಗೂ ಕುತ್ತಿಗೆ ನೋವು ಶುರುವಾಯ್ತಾ?"